ಊರು ಬದಲಾದಾಗ ಲೆಕ್ಕವೂ ಬದಲಾಗಬೇಕು: ಛಾಯಾಗ್ರಾಹಕರ ಉದ್ಯಮದ ಒಂದು ನಿದರ್ಶನ

ಮಹಾನಗರದ ಬಾಡಿಗೆಯ ಹೊರೆ ತಾಳಲಾರದೆ ಸಣ್ಣ ಊರಿಗೆ ತೆರಳುವ ಉದ್ಯಮಿಗಳು ಸಾಮಾನ್ಯವಾಗಿ ಒಂದೇ ಲೆಕ್ಕ ಹಾಕುತ್ತಾರೆ: ಖರ್ಚು ಇಳಿಯುತ್ತದೆ, ಆದ್ದರಿಂದ ಲಾಭ ಏರುತ್ತದೆ. ಈ ಲೆಕ್ಕ ಅರ್ಧ ಸತ್ಯ. ಬೆಂಗಳೂರಿನಿಂದ ತಿಪಟೂರಿಗೆ ಸ್ಟುಡಿಯೋ ಸ್ಥಳಾಂತರಿಸುವ ಛಾಯಾಗ್ರಾಹಕನೊಬ್ಬನ ಕಲ್ಪಿತ ನಿದರ್ಶನದಿಂದ ಇದನ್ನು ಪರಿಶೀಲಿಸಬಹುದು.

ನಷ್ಟವಿಲ್ಲದ ಮಟ್ಟ

ಬೆಂಗಳೂರಿನಲ್ಲಿ ಆತನ ತಿಂಗಳ ಸ್ಥಿರ ವೆಚ್ಚ 72,000 ರೂ. ಎಂದಿಟ್ಟುಕೊಳ್ಳೋಣ. ನೇರ ವೆಚ್ಚ ಕಳೆದು ಒಂದು ಕೆಲಸಕ್ಕೆ 18,000 ರೂ. ಉಳಿದರೆ ನಾಲ್ಕು ಕೆಲಸಗಳಲ್ಲಿ ವೆಚ್ಚ ತುಂಬುತ್ತದೆ. ತಿಪಟೂರಿನಲ್ಲಿ ಸ್ಥಿರ ವೆಚ್ಚ ಅರ್ಧಕ್ಕಿಳಿದು 36,000 ರೂ. ಆದರೂ, ಅಲ್ಲಿನ ದರದಲ್ಲಿ ಪ್ರತಿ ಕೆಲಸಕ್ಕೆ 6,000 ರೂ. ಮಾತ್ರ ಉಳಿದರೆ ಆರು ಕೆಲಸಗಳು ಬೇಕು. ಖರ್ಚು ಇಳಿದರೂ ದುಡಿಮೆ ಹೆಚ್ಚಬೇಕಾಯಿತು.

ಆದ್ದರಿಂದ ನಗರದಲ್ಲಿ ಒಂದೇ ವಿಭಾಗದಲ್ಲಿ ಪರಿಣತನಾಗಿದ್ದವನು ಇಲ್ಲಿ ಹಲವು ಕೆಲಸಗಳಿಗೆ ಒಗ್ಗಿಕೊಳ್ಳಬೇಕು. ಆಷಾಢ ಮತ್ತು ಧನುರ್ಮಾಸಗಳಲ್ಲಿ ಮದುವೆಗಳಿರುವುದಿಲ್ಲ. ಆ ಅವಧಿಯನ್ನು ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ, ಶಾಲೆಗಳ ಸಮೂಹಚಿತ್ರ, ಹಳೆಯ ಚಿತ್ರಗಳ ದುರಸ್ತಿ, ಕೊಬ್ಬರಿ ವರ್ತಕರ ಸರಕಿನ ಚಿತ್ರ ಇತ್ಯಾದಿಗಳಿಂದ ತುಂಬಿಕೊಳ್ಳಬೇಕಾಗುತ್ತದೆ.

ತೆರಿಗೆಯ ಪರಿಣಾಮ

ಛಾಯಾಗ್ರಹಣ ಸೇವೆಗೆ ಶೇ. 18 ಜಿಎಸ್‌ಟಿ ಇದೆ. ನಗರದ ಗ್ರಾಹಕ ನೋಂದಾಯಿತ ಕಂಪನಿಯಾಗಿದ್ದರೆ ತಾನು ತೆತ್ತ ತೆರಿಗೆಯನ್ನು ಸಾಮಾನ್ಯವಾಗಿ ಜಮೆ ಪಡೆಯುತ್ತದೆ, ಅದಕ್ಕೆ ಹೊರೆಯಿಲ್ಲ. ಸಣ್ಣ ಊರಿನ ಗ್ರಾಹಕ ಗೃಹಸ್ಥ. ಆತ ಆಲ್ಬಮ್‌ಗೆ ಒಟ್ಟು 20,000 ರೂ. ಮಾತ್ರ ಕೊಡುವುದಾಗಿ ಹೇಳಿದರೆ ಅದರಲ್ಲಿ ಸುಮಾರು 3,051 ರೂ. ತೆರಿಗೆ, ಅದು ಛಾಯಾಗ್ರಾಹಕನ ಪಾಲಿನಿಂದಲೇ ಹೋಗುತ್ತದೆ.

ಹಿಂದಿನ ವರ್ಷದ ವಹಿವಾಟು 50 ಲಕ್ಷ ರೂ. ಮೀರದ ಸೇವಾದಾರರು ಶೇ. 6ರ ರಾಜಿ ತೆರಿಗೆಯನ್ನು ಆಯ್ದುಕೊಳ್ಳಬಹುದು. ಆಗ ಅದೇ ಮೊತ್ತದ ಮೇಲಿನ ತೆರಿಗೆ 1,200 ರೂ. ಆದರೆ ಗ್ರಾಹಕರಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಹೊರರಾಜ್ಯಕ್ಕೆ ಸೇವೆ ಒದಗಿಸುವಂತಿಲ್ಲ, ಖರೀದಿಯ ಮೇಲಿನ ತೆರಿಗೆ ಜಮೆಯೂ ಇಲ್ಲ.

ಇಲ್ಲಿ ಅನೇಕರು ಎಡವುವ ಅಂಶವೊಂದಿದೆ. ಈ ಪದ್ಧತಿಗೆ ಬದಲಾದಾಗ ಉಪಕರಣಗಳ ಮೇಲೆ ಹಿಂದೆ ಪಡೆದ ಜಮೆಯ ಉಳಿದ ಭಾಗವನ್ನು ಹಿಂತಿರುಗಿಸಬೇಕು. ಉಪಕರಣದ ಉಪಯುಕ್ತ ಅವಧಿಯನ್ನು ಐದು ವರ್ಷವೆಂದು ಪರಿಗಣಿಸಲಾಗುತ್ತದೆ. 5 ಲಕ್ಷ ರೂ. ಬೆಲೆಯ ಕ್ಯಾಮೆರಾ, ಲೆನ್ಸುಗಳ ಮೇಲೆ 90,000 ರೂ. ಜಮೆ ಪಡೆದು 36 ತಿಂಗಳಾಗಿದ್ದರೆ, ಉಳಿದ 24 ತಿಂಗಳಿಗೆ 36,000 ರೂ. ಕಟ್ಟಬೇಕು. ಅಂದರೆ, ಮೇಲಿನ ನಿದರ್ಶನದಲ್ಲಿ ಒಂದು ತಿಂಗಳ ಸಂಪೂರ್ಣ ಸ್ಥಿರ ವೆಚ್ಚದಷ್ಟು. ಇದನ್ನು ಮೊದಲೇ ತೆಗೆದಿರಿಸದವನ ದುಡಿಯುವ ಬಂಡವಾಳ ಬರಿದಾಗುತ್ತದೆ.

ರಾಜ್ಯದೊಳಗೆ ಮುಖ್ಯ ವ್ಯವಹಾರ ಸ್ಥಳ ಬದಲಾದರೆ 15 ದಿನಗಳೊಳಗೆ ನೋಂದಣಿ ತಿದ್ದುಪಡಿಗೆ ಅರ್ಜಿ ಸಲ್ಲಿಸುವುದೂ ಕಡ್ಡಾಯ.

ಪರಿಚಯ ಮತ್ತು ಬಾಕಿ

ಸಣ್ಣ ಊರಿನಲ್ಲಿ ಪರಿಚಯವೇ ಜಾಹೀರಾತು. ಬಾಕಿಗೂ ಅದೇ ಕಾರಣ. ನೆಂಟರ ಪೈಕಿಯವರೆಂದು ಮುಂಗಡ ಕೇಳದೆ ಬಿಟ್ಟರೆ ಹಣವೂ ಸ್ನೇಹವೂ ಉಳಿಯುವುದಿಲ್ಲ. ಮುಂಗಡ, ಮದುವೆಯ ದಿನದ ಕಂತು, ಆಲ್ಬಮ್ ಒಪ್ಪಿಸುವಾಗ ಉಳಿಕೆ ಎಂಬ ನಿಯಮವನ್ನು ಬರಹದಲ್ಲಿಟ್ಟು ಎಲ್ಲರಿಗೂ ಸಮಾನವಾಗಿ ಅನ್ವಯಿಸುವುದು ಕ್ಷೇಮ. ಒಪ್ಪಿದ ದಿನಕ್ಕೆ ಆಲ್ಬಮ್ ಕೊಡುವುದೂ ಅಷ್ಟೇ ಮುಖ್ಯ. ಒಂದು ಮನೆಯ ಅಸಮಾಧಾನ ಇಡೀ ಬೀದಿಗೆ ತಿಳಿಯುತ್ತದೆ.

ಮುದ್ರಣಕಾರರಿಗೂ, ಸಿದ್ಧ ಉಡುಪು ತಯಾರಕರಿಗೂ, ದುರಸ್ತಿ ಕಾರ್ಯಾಗಾರ ನಡೆಸುವವರಿಗೂ ಈ ವಿಚಾರದ ತಿರುಳು ಅನ್ವಯಿಸುತ್ತದೆ. ಹೊಸ ಊರಿನ ಬಾಡಿಗೆಯನ್ನು ವಿಚಾರಿಸುವ ಮೊದಲು ಅಲ್ಲಿನ ಗ್ರಾಹಕ ಯಾರು, ಆತನಿಗೆ ತೆರಿಗೆ ಜಮೆ ದೊರೆಯುವುದೇ, ತಿಂಗಳಿಗೆ ಎಷ್ಟು ಕೆಲಸ ಸಿಗಬಲ್ಲದು ಎಂಬುದನ್ನು ಕಾಗದದ ಮೇಲೆ ಬರೆದು ನೋಡುವುದು ವಿವೇಕ.