ಬೆಟ್ಟಾ: ಮೀನಿಗಿಂತ ಮೊದಲು ನೀರು

ಅಕ್ವೇರಿಯಂ ಅಂಗಡಿಯಲ್ಲಿ ಸಣ್ಣ ಸಣ್ಣ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಒಂಟಿಯಾಗಿ ಇಟ್ಟಿರುವ, ರೇಷ್ಮೆ ಸೆರಗಿನಂಥ ರೆಕ್ಕೆಗಳ ಮೀನೇ ಬೆಟ್ಟಾ. ಅಂಗಡಿಯವರ ಬಾಯಲ್ಲಿ ಅದು ‘ಫೈಟರ್’. ‘ಮೋಟರ್ ಬೇಡ, ಫಿಲ್ಟರ್ ಬೇಡ, ಒಂದು ಗಾಜಿನ ಬೌಲ್ ಸಾಕು’ ಎಂದು ಹೇಳಿಯೇ ಮಾರುತ್ತಾರೆ. ಆ ಮಾತಿನಲ್ಲಿ ಅರ್ಧ ನಿಜವಿದೆ. ಮೀನು ಸಾಯುವುದು ಉಳಿದರ್ಧದಿಂದ.

ನಿಜ ಎಷ್ಟೆಂದು ನೋಡೋಣ. ಥಾಯ್ಲೆಂಡಿನ ಭತ್ತದ ಗದ್ದೆ, ಜೌಗು, ಮೆಲ್ಲಗೆ ಹರಿಯುವ ಕಾಲುವೆಗಳು ಈ ಮೀನಿನ ತವರು. ಬಿಸಿಲಿಗೆ ಕಾದು ನಿಂತ ನೀರಿನಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ಬೆಟ್ಟಾಕ್ಕೆ ಕಿವಿರಿನ ಜೊತೆಗೆ ಲ್ಯಾಬಿರಿಂತ್ ಎಂಬ ಇನ್ನೊಂದು ಅಂಗವಿದೆ. ಮೀನು ಮೇಲಕ್ಕೆ ಬಂದು ಒಂದು ಗುಟುಕು ಗಾಳಿ ಎಳೆದುಕೊಂಡರೆ, ಈ ಅಂಗದ ಮಡಿಕೆಗಳಲ್ಲಿ ಹರಡಿರುವ ರಕ್ತನಾಳಗಳು ಅದರಿಂದ ಆಮ್ಲಜನಕ ಹೀರಿಕೊಳ್ಳುತ್ತವೆ. ಡಬ್ಬಿಯಲ್ಲಿ ಅದು ಜೀವ ಹಿಡಿದುಕೊಂಡಿರುವುದು ಈ ಬಲದಿಂದ.

ಆದರೆ ಗಾಳಿ ಸಿಕ್ಕರೆ ಮುಗಿಯಲಿಲ್ಲ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಬಿಟ್ಟ ಆಹಾರದ ಕಾಳಿನಿಂದ ನೀರಿಗೆ ಅಮೋನಿಯಾ ಸೇರುತ್ತಲೇ ಇರುತ್ತದೆ. ನೀರು ಕನ್ನಡಿಯಷ್ಟು ತಿಳಿಯಾಗಿದ್ದರೂ ಆ ಅಮೋನಿಯಾ ಕಿವಿರನ್ನು ಸುಡುತ್ತದೆ. ಬೌಲ್ ಚಿಕ್ಕದಾದಷ್ಟೂ ವಿಷ ಬೇಗ ಏರುತ್ತದೆ. ಗದ್ದೆಯ ನೀರು ಆಳವಿರಲಿಕ್ಕಿಲ್ಲ, ಆದರೆ ಅಗಲಕ್ಕೆ ಎಕರೆಗಟ್ಟಲೆ ಇರುತ್ತದೆ ಎಂಬುದನ್ನು ಬೌಲ್ ಮಾರುವವರು ಮರೆಯುತ್ತಾರೆ.

ಅಮೋನಿಯಾವನ್ನು ಇಲ್ಲವಾಗಿಸುವವು ಬ್ಯಾಕ್ಟೀರಿಯಾಗಳು. ಒಂದು ಗುಂಪು ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಗುಂಪು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಆದ್ದರಿಂದ ಮೊದಲು ಸುಮಾರು 20 ಲೀಟರಿನ ತೊಟ್ಟಿ ಇಟ್ಟು, ಮೆಲ್ಲಗೆ ಗುಳ್ಳೆ ಬಿಡುವ ಸ್ಪಂಜ್ ಫಿಲ್ಟರ್ ಓಡಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬನ್ನಿ. ಅದು ಕೊಳೆತು ಹುಟ್ಟುವ ಅಮೋನಿಯಾವೇ ಬ್ಯಾಕ್ಟೀರಿಯಾಕ್ಕೆ ಊಟ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಮೀನು ತನ್ನಿ.

ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ಪೂರ್ತಿ ಚೆಲ್ಲಿ, ಸ್ಪಂಜನ್ನು ನಲ್ಲಿಯಡಿ ಉಜ್ಜಿ ತೊಳೆಯುವುದು ಶುಚಿಯಲ್ಲ, ಅನಾಹುತ. ನಲ್ಲಿ ನೀರಿನ ಕ್ಲೋರಿನ್ ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಅದ್ದಿ ಹಿಂಡಿ. ಹೊಸ ನೀರಿಗೆ ಆಂಟಿ ಕ್ಲೋರಿನ್ ಹನಿ ಹಾಕಿಯೇ ತೊಟ್ಟಿಗೆ ಸುರಿಯಿರಿ.

ನೀರು 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರಲಿ. ಕರಾವಳಿಯಲ್ಲಿ ಇದು ತಾನಾಗಿಯೇ ಸಿಗುತ್ತದೆ. ಮಡಿಕೇರಿ, ಬೆಂಗಳೂರಿನ ಚಳಿಗಾಲಕ್ಕೆ ಚಿಕ್ಕ ಹೀಟರ್ ಬೇಕು. ಬೆಟ್ಟಾ ಹಾರಿ ಬೀಳುವುದರಲ್ಲಿ ನಿಸ್ಸೀಮ, ಮುಚ್ಚಳ ಮರೆಯಬೇಡಿ. ಆದರೆ ನೀರಿಗೂ ಮುಚ್ಚಳಕ್ಕೂ ನಡುವೆ ಗಾಳಿಗೆ ಜಾಗವಿರಲಿ. ನಮ್ಮ ಬೀದಿಗಳಲ್ಲೂ ಉದುರುವ ಕಾಡುಬಾದಾಮಿಯ ಒಣ ಎಲೆಯನ್ನು ಥಾಯ್ಲೆಂಡಿನ ಸಾಕಣೆಗಾರರು ತೊಟ್ಟಿಗೆ ಹಾಕುತ್ತಾರೆ. ಅದರ ಟ್ಯಾನಿನ್ ನೀರನ್ನು ಚಹಾದ ಬಣ್ಣಕ್ಕೆ ತಿರುಗಿಸಿ ತುಸು ಆಮ್ಲೀಯವಾಗಿಸುತ್ತದೆ. ಔಷಧಿ ಸಿಂಪಡಿಸದ ಮರದ ಎಲೆಯನ್ನು ತೊಳೆದು ಬಳಸಬಹುದು.

ಆಹಾರದ ವಿಷಯ ಸರಳ. ಇದು ಸೊಳ್ಳೆ ಮರಿ ತಿನ್ನುವ ಮಾಂಸಾಹಾರಿ. ಅನ್ನ, ಬ್ರೆಡ್ಡಿನ ಚೂರು ಹಾಕಬೇಡಿ. ದಿನಕ್ಕೆರಡು ಸಲ ಮೀನಿನ ಆಹಾರದ ಎರಡು ಮೂರು ಕಾಳು ಸಾಕು.

ಎರಡು ಗಂಡುಗಳು ಒಂದೇ ತೊಟ್ಟಿಯಲ್ಲಿ ಕೂಡದು. ಹೆಣ್ಣನ್ನೂ ಜೊತೆಗೆ ಬಿಡಬೇಡಿ. ಒಂಟಿ ಗಂಡು ಕೂಡ ಬಾಯಿಂದ ಗುಳ್ಳೆ ಉಗುಳಿ ಮೂಲೆಯಲ್ಲಿ ನೊರೆಯ ಗೂಡು ಕಟ್ಟುವುದುಂಟು. ಆ ಗೂಡು ಮೊಟ್ಟೆಗಳಿಗಾಗಿ. ಅವನ್ನು ಕಾಯುವುದು, ಜಾರಿ ಬಿದ್ದವನ್ನು ಬಾಯಲ್ಲಿ ಹಿಡಿದು ಮತ್ತೆ ಗೂಡಿಗೆ ಸೇರಿಸುವುದು ಅಪ್ಪನ ಕೆಲಸ. ನೊರೆ ಕಂಡರೆ ಕೊಳೆಯೆಂದು ಒರೆಸಬೇಡಿ.

ಚೆನ್ನಾಗಿ ನೋಡಿಕೊಂಡರೆ ಬೆಟ್ಟಾ ಮೂರು ವರ್ಷದವರೆಗೂ ಬಾಳುತ್ತದೆ. ಸಾಕಲಾಗದಿದ್ದರೆ ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ಸಾಕುವ ಗೆಳೆಯರಿಗೆ ಕೊಡಿ. ಊರ ಕೆರೆಗಾಗಲಿ ಬಾವಿಗಾಗಲಿ ಬಿಡಬೇಡಿ: ಅದು ನಮ್ಮ ನೀರಿನ ಮೀನಲ್ಲ.