ಅಬುರಿಯ ಸಸ್ಯೋದ್ಯಾನ

ಪಶ್ಚಿಮ ಆಫ್ರಿಕದ ಘಾನಾ ದೇಶದ ರಾಜಧಾನಿಯಾದ ಅಕ್ರಾ ಕಡಲತಡಿಯ ನಗರ. ಅಲ್ಲಿಯ ಸೆಕೆ ಹೊಸಬರನ್ನು ಬಹುಬೇಗ ಬಳಲಿಸುತ್ತದೆ. ಅಲ್ಲಿಂದ ಉತ್ತರಾಭಿಮುಖವಾಗಿ ಹೊರಟ ಪ್ರವಾಸಿಗನು ಅಕ್ವಾಪಿಮ್ ಬೆಟ್ಟಸಾಲನ್ನೇರಿ, ಸಾವಿರ ಅಡಿಗೂ ಮಿಕ್ಕ ಎತ್ತರದಲ್ಲಿರುವ ಅಬುರಿಯನ್ನು ತಲುಪುತ್ತಲೇ ತಂಗಾಳಿ ಮೈಸೋಕುತ್ತದೆ. ಈ ತಂಪನ್ನರಸಿಯೇ ಆಂಗ್ಲ ಸರಕಾರವು 1875ರಲ್ಲಿ ತನ್ನ ಅಧಿಕಾರಿಗಳಿಗಾಗಿ ಇಲ್ಲಿ ಆರೋಗ್ಯಧಾಮವೊಂದನ್ನು ಕಟ್ಟಿಸಿತು. ಆಗ ಈ ನಾಡಿಗೆ ಗೋಲ್ಡ್ ಕೋಸ್ಟ್ ಎಂದು ಹೆಸರು. ಆ ಧಾಮದ ಸುತ್ತಣ ನೆಲವೇ 1890ರಲ್ಲಿ ಸಸ್ಯೋದ್ಯಾನವಾಯಿತು. ಗವರ್ನರ್ ವಿಲಿಯಂ ಬ್ರಾಂಡ್‌ಫರ್ಡ್ ಗ್ರಿಫಿತ್ ಇದರ ಸ್ಥಾಪಕರಲ್ಲಿ ಪ್ರಮುಖರು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕಲಿತ ವಿಲಿಯಂ ಕ್ರೌದರ್ ಇದರ ಮೊದಲ ಮೇಲ್ವಿಚಾರಕರು. ಬೆಂಗಳೂರಿನ ಲಾಲ್‌ಬಾಗಿಗೆ ಜಾನ್ ಕ್ಯಾಮರನ್ ಬಂದದ್ದೂ ಇದೇ ಕ್ಯೂ ಉದ್ಯಾನದಿಂದ.

ಕನ್ನಡಿಗರಿಗೆ ಇನ್ನೊಂದು ನಂಟೂ ಇಲ್ಲಿ ಕಾಣುತ್ತದೆ. ಉದ್ಯಾನಕ್ಕಾಗಿ ನೆಲವನ್ನು ಹಸನುಗೊಳಿಸುವ ಕಾರ್ಯದ ಮೇಲ್ವಿಚಾರಣೆ ನಡೆಸಿದವರು ಅಲೆಕ್ಸಾಂಡರ್ ವರ್ದಿ ಕ್ಲರ್ಕ್ ಎಂಬ ಜಮೈಕಾ ದ್ವೀಪದ ಪಾದ್ರಿ. ಮಂಗಳೂರಿನಲ್ಲಿ 1834ರಲ್ಲಿ ಕಾರ್ಯವಾರಂಭಿಸಿದ, ಕಿಟ್ಟೆಲರ ಕನ್ನಡ ನಿಘಂಟಿನ ಮೂಲಕ ನಮಗೆ ಚಿರಪರಿಚಿತವಾದ ಬಾಸೆಲ್ ಮಿಷನ್ನೇ 1843ರಲ್ಲಿ ಇವರನ್ನೂ ಇವರ ಸಂಗಡಿಗರನ್ನೂ ಅಕ್ವಾಪಿಮ್ ಬೆಟ್ಟಗಳಿಗೆ ಕರೆತಂದಿತ್ತು. ಆ ಕುಟುಂಬಗಳು ತಂದ ಸಸ್ಯಗಳಲ್ಲಿ ಮಾವೂ ಒಂದು. ಭರತಖಂಡದ ಮರವು ಜಮೈಕಾವನ್ನು ಸುತ್ತಿಕೊಂಡು ಆಫ್ರಿಕದ ಗಿರಿಗಳನ್ನು ಸೇರಿದ ಬಗೆ ಇದು.

ಉದ್ಯಾನದ ವಿಸ್ತಾರ ಸುಮಾರು 160 ಎಕರೆ. ಸಾಲುಗೊಂಡು ನಿಂತ ನೀಳವಾದ ತಾಳೆಜಾತಿಯ ಮರಗಳು ನೋಡುವವನನ್ನು ಮೊದಲು ಸೆಳೆಯುತ್ತವೆ. ಒಳಗೆ ಆಲದ ಕುಲಕ್ಕೆ ಸೇರಿದ ಒಂದು ವಿಚಿತ್ರ ವೃಕ್ಷವಿದೆ. ಅದು ಇನ್ನೊಂದು ಮರದ ಮೇಲೆ ಮೊಳೆತು, ಬೇರಿಳಿಸಿ, ಆಶ್ರಯವಿತ್ತ ಮರವನ್ನೇ ಸುತ್ತಿ ಬಿಗಿದು ಬೆಳೆಯಿತು. ಆಶ್ರಯದ ಮರ ಸತ್ತು ಹೋದುದರಿಂದ ಈಗ ಒಡಲು ಟೊಳ್ಳು. ಅನತಿದೂರದಲ್ಲಿ ಒಂದು ಬಿಳಿ ಬೂರುಗದ ಮರ. ಬೆಟ್ಟವನ್ನೆಲ್ಲ ಹಿಂದೆ ಮುಸುಕಿದ್ದ ಮಹಾರಣ್ಯದಲ್ಲಿ ಉಳಿದಿರುವುದು ಅದೊಂದೇ ಎಂದು ಅಲ್ಲಿಯವರು ಹೇಳುತ್ತಾರೆ.

ಆದರೆ ಅಬುರಿಯ ಮಹತ್ವ ಇರುವುದು ಕಣ್ಣಿಗೆ ಕಾಣುವ ಮರಗಳಲ್ಲಲ್ಲ, ಅಲ್ಲಿಂದ ಹೊರಗೆ ಹೋದ ಸಸಿಗಳಲ್ಲಿ. ಕೋಕೋ ದಕ್ಷಿಣ ಅಮೆರಿಕ ಮೂಲದ ಮರ. ಟೆಟ್ಟೆ ಕ್ವಾರ್ಷಿ ಎಂಬ ಕಮ್ಮಾರನು ಫರ್ನಾಂಡೊ ಪೊ ದ್ವೀಪದಿಂದ ಅದರ ಬೀಜವನ್ನು ತಂದು, 1879ರಲ್ಲಿ ಇದೇ ಬೆಟ್ಟಸಾಲಿನ ಮಾಂಪಾಂಗ್ ಎಂಬಲ್ಲಿ ಬಿತ್ತಿ ಬೆಳೆಸಿದನು. ಕೋಕೋ ಬೀಜವನ್ನು ರಾಗಿಯಂತೆ ಒಣಗಿಸಿ ಕಣಜದಲ್ಲಿಟ್ಟು ಮರುವರ್ಷ ಬಿತ್ತುವಂತಿಲ್ಲ. ಕಾಯಿಂದ ತೆಗೆದ ಕೆಲವೇ ದಿನಗಳಲ್ಲಿ ಅದು ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದಕಾರಣ ಸಮೀಪದಲ್ಲೇ ಸಸಿಗಳ ಮಡಿಯಿರುವುದು ರೈತನಿಗೆ ಬಹು ದೊಡ್ಡ ಅನುಕೂಲ. ಅಬುರಿ ಅಗ್ಗದ ದರದಲ್ಲಿ ಸಸಿಗಳನ್ನೂ ಬೇಸಾಯದ ತಿಳಿವನ್ನೂ ಕೊಟ್ಟಿತು. 1893ರಲ್ಲಿ ಕ್ಯೂ ಉದ್ಯಾನದಿಂದ ಬಂದ ರಬ್ಬರ್ ಗಿಡವೂ ಇಲ್ಲಿ ಬೇರೂರಿತು.

ಆಳುವವರಿಗೆ ಬೇಕಾಗಿದ್ದುದು ರಫ್ತಿನ ಸರಕು. ಅದನ್ನು ಬೆಳೆಸಿದವರು ಮಾತ್ರ ದೊರೆಗಳ ದೊಡ್ಡ ತೋಟಗಳಲ್ಲ, ಅಲ್ಲಿಯ ಸಾಮಾನ್ಯ ಒಕ್ಕಲಿಗರು. ಅಕ್ವಾಪಿಮ್ ರೈತರು ತಮ್ಮ ಬೆಟ್ಟದಲ್ಲಿ ನೆಲ ಸಾಲದಾದಾಗ ಪಶ್ಚಿಮದ ಕಾಡುಗಳಿಗೆ ವಲಸೆಹೋಗಿ, ಭೂಮಿಯನ್ನು ಕ್ರಯಕ್ಕೆ ಕೊಂಡು ತೋಟ ಮಾಡಿದರು. 1891ರಲ್ಲಿ ಕೇವಲ 80 ಪೌಂಡು ಕೋಕೋ ರಫ್ತಾಗಿದ್ದ ಆ ನಾಡು 1911ರಲ್ಲಿ ಜಗತ್ತಿನಲ್ಲೇ ಅತ್ಯಧಿಕ ಕೋಕೋ ಬೆಳೆಯುವ ದೇಶವಾಯಿತು.

ಈ ಸಿರಿಗೆ ತೆತ್ತ ಬೆಲೆಯೂ ಸಣ್ಣದಲ್ಲ. ತೋಟಕ್ಕಾಗಿ ಕಾಡು ಕಡಿಯಲಾಯಿತು. 1936ರಲ್ಲಿ ಕಾಂಡ ಊದುವ ನಂಜುರೋಗ ಕಾಣಿಸಿಕೊಂಡಿತು. ಹಿಟ್ಟು ತಿಗಣೆಗಳು ಹರಡುವ ಆ ರೋಗಕ್ಕೆ ಮದ್ದಿಲ್ಲ. ತಗುಲಿದ ಮರವನ್ನು ಕಡಿಯುವುದೇ ಉಪಾಯ. ನೆಟ್ಟ ಕೈಗಳೇ ಕೊಡಲಿ ಹಿಡಿಯಬೇಕಾಯಿತು.

ಹೀಗೆ ಅಬುರಿಯಲ್ಲಿ ಎರಡು ಪಾಠಗಳು ಒಂದೇ ಆವರಣದಲ್ಲಿ ದೊರೆಯುತ್ತವೆ. ತಾನು ಬೆಳೆಸಿದ್ದನ್ನು ತನ್ನ ಬೇಲಿಯೊಳಗೇ ಇಟ್ಟುಕೊಳ್ಳದೆ ಹಂಚಿದ್ದರಿಂದ ಒಂದು ಪುಟ್ಟ ಉದ್ಯಾನ ಇಡೀ ನಾಡಿನ ಬಾಳನ್ನು ಬದಲಿಸಿತೆಂಬುದು ಮೊದಲನೆಯದು. ಹೊಸತನ್ನು ನೆಡುವ ಭರದಲ್ಲಿ ಕಳೆದುಹೋದುದೇನೆಂಬುದು ಎರಡನೆಯದು. ಅದನ್ನು ತಿಳಿಯಬಯಸುವವನು ಆ ಒಂಟಿ ಬೂರುಗದ ನೆರಳಿನಲ್ಲಿ ತುಸುಹೊತ್ತು ನಿಂತರೆ ಸಾಕು.