ನಲಿಕಲಿಯಲ್ಲಿ ಕೈಗೆ ಏಕಿಷ್ಟು ಕೆಲಸ?

ಸರ್ಕಾರಿ ಶಾಲೆಯ ನಲಿಕಲಿ ಕೊಠಡಿಗೆ ಮೊದಲ ಸಲ ಹೋದವರಿಗೆ ಪಾಠ ಎಲ್ಲಿ ನಡೆಯುತ್ತಿದೆ ಎಂದೇ ತಿಳಿಯುವುದಿಲ್ಲ. ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಒಟ್ಟಿಗೇ ಇರುತ್ತಾರೆ. ಕೆಲವರು ಟೀಚರ್ ಸುತ್ತ, ಕೆಲವರು ಕಾರ್ಡು ಹರಡಿಕೊಂಡು ತಮ್ಮತಮ್ಮಲ್ಲೇ, ಇನ್ನು ಕೆಲವರು ಗೋಡೆಯ ಬುಡದ ಕರಿಹಲಗೆಯಲ್ಲಿ ಬರೆಯುತ್ತ. ನೋಡಲು ಗದ್ದಲ. ಆದರೆ ಯಾವ ಮಗು ಈಗ ಏನು ಮಾಡಬೇಕು ಎಂಬುದು ಆ ಮಗುವಿಗೂ ಗೊತ್ತಿರುತ್ತದೆ, ಟೀಚರಿಗೂ ಗೊತ್ತಿರುತ್ತದೆ.

ಇದು ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನೊಂದಿಗೆ. ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳ ಪದ್ಧತಿಯೇ ಇದಕ್ಕೆ ಪ್ರೇರಣೆ. 2009-10ರಲ್ಲಿ ರಾಜ್ಯದ ಉದ್ದಗಲಕ್ಕೂ ಹರಡಿತು. ಪಠ್ಯವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ‘ಕಲಿಕಾ ಏಣಿ’ಯಲ್ಲಿ ಜೋಡಿಸಿರುತ್ತಾರೆ. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು, ಒಂದು ಕಾರ್ಡು. ಮಗು ಏಣಿ ನೋಡಿ ತನ್ನ ಕಾರ್ಡು ತಾನೇ ಎತ್ತಿಕೊಳ್ಳುತ್ತದೆ. ಅಪ್ಪ ಅಮ್ಮನ ಜೊತೆ ಕೊಡಗಿನ ಕಾಫಿ ಕೊಯ್ಲಿಗೆ ಹೋಗಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಈ ಒಂದು ಅನುಕೂಲಕ್ಕಾದರೂ ನಾನು ಈ ಪದ್ಧತಿಯ ಪರ.

ಅಕ್ಷರ ಕಲಿಕೆ ಇಲ್ಲಿ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಕಾರಣ ಸರಳ: ಸ್ವರಗಳನ್ನೆಲ್ಲ ಬಾಯಿಪಾಠ ಮಾಡಿದ ಮಗುವಿಗೆ ಓದಲು ಸಿಗುವ ಪದ ಇಲ್ಲವೆನ್ನುವಷ್ಟು ಕಡಿಮೆ. ಈ ಐದು ಅಕ್ಷರ ಬಂದರೆ ಸರ, ರಸ, ದರ, ಅರಸ, ಅಗಸ, ದಸರ ಎಲ್ಲವೂ ಸಿಗುತ್ತವೆ. ಅಕ್ಷರದ ಬಿಲ್ಲೆಗಳನ್ನು ಮಗುವಿನ ಮುಂದಿಟ್ಟು ‘ಗರಗಸ’ ಮಾಡು ಎನ್ನಿ. ಗ ಇಟ್ಟು, ರ ಇಟ್ಟು, ಮತ್ತೆ ಗ ಹುಡುಕುತ್ತದೆ. ಒಂದೇ ಗ ಇದ್ದರೆ ಅಲ್ಲಿಗೇ ನಿಲ್ಲುತ್ತದೆ, ‘ಇನ್ನೊಂದು ಗ ಕೊಡಿ ಮಿಸ್’ ಎನ್ನುತ್ತದೆ. ಪದದೊಳಗೆ ಅದೇ ದನಿ ಮತ್ತೆ ಬಂದಿದೆ ಎಂದು ಅದರ ಕಿವಿ ಹಿಡಿದಿದೆ ಎಂದರ್ಥ. ಹಾಗಾಗಿ ಪ್ರತಿ ಅಕ್ಷರದ ಬಿಲ್ಲೆ ಮೂರು ನಾಲ್ಕಾದರೂ ಇರಲಿ.

ಅಕ್ಷರದ ಗೆರೆಯ ಮೇಲೆ ಬೀಜ ಅಂಟಿಸುವ ಚಟುವಟಿಕೆ ನೋಡಲು ಚೆಂದ, ಬರವಣಿಗೆಗೆ ಅದರ ಉಪಯೋಗ ಕಡಿಮೆ. ಎಲ್ಲಿಂದ ಶುರು ಮಾಡಿ ಯಾವ ಕಡೆ ತಿರುಗಿಸಬೇಕು ಎಂಬುದು ಅದರಿಂದ ಕೈಗೆ ಬರುವುದಿಲ್ಲ. ಅದಕ್ಕೆ ಮರಳಿನ ಮೇಲೆ ಬೆರಳಾಡಿಸಿ ತಿದ್ದುವುದೇ ಒಳ್ಳೆಯದು.

ಲೆಕ್ಕದಲ್ಲಂತೂ ಕೈಕೆಲಸಕ್ಕೆ ಬದಲಿಯೇ ಇಲ್ಲ. 32ರಲ್ಲಿ 15 ಕಳೆಯಲು ಹೇಳಿದರೆ ಎಷ್ಟೋ ಮಕ್ಕಳು 23 ಬರೆಯುತ್ತಾರೆ. ಎರಡರಲ್ಲಿ ಐದು ಹೋಗುವುದಿಲ್ಲವಲ್ಲ, ಐದರಲ್ಲೇ ಎರಡು ಕಳೆದುಬಿಡುತ್ತಾರೆ. ‘ಪಕ್ಕದ ಮನೆಯಿಂದ ಸಾಲ ತಾ’ ಎಂದು ನಾವು ಹೇಳಿಕೊಡುತ್ತೇವೆ. ಆ ಮನೆ ಯಾವುದು, ಒಂದು ಕೇಳಿದರೆ ಹತ್ತು ಏಕೆ ಕೊಡುತ್ತಾರೆ ಎಂಬುದು ಮಗುವಿಗೆ ಒಗಟಾಗಿಯೇ ಉಳಿಯುತ್ತದೆ. ತೆಂಗಿನ ಗರಿಯ ಕಡ್ಡಿಗಳನ್ನು ಸಮನಾಗಿ ಮುರಿದು, ಹತ್ತತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿ. ಈಗ 32 ಎಂದರೆ ಮೂರು ಕಟ್ಟು, ಎರಡು ಬಿಡಿ. ‘ನನಗೆ ಹದಿನೈದು ಕಡ್ಡಿ ಕೊಡು’ ಎಂದು ಕೈಯೊಡ್ಡಿ. ಬಿಡಿ ಐದು ಕೊಡಬೇಕು, ಇರುವುದು ಎರಡೇ. ಮಗು ನಿಮ್ಮ ಮುಖ ನೋಡುತ್ತದೆ. ಆಗ ದಯವಿಟ್ಟು ಸುಮ್ಮನಿರಿ. ಸ್ವಲ್ಪ ಹೊತ್ತಿಗೆ ಅದೇ ಒಂದು ಕಟ್ಟು ಬಿಚ್ಚುತ್ತದೆ. ಬಿಡಿ ಹನ್ನೆರಡಾಯಿತು, ಐದು ಕೊಟ್ಟರೆ ಏಳು ಉಳಿಯಿತು. ಉಳಿದ ಎರಡು ಕಟ್ಟಿನಲ್ಲಿ ಒಂದು ಕೊಟ್ಟಿತು. ಉತ್ತರ 17. ಕಡ್ಡಿಯಲ್ಲಿ 23 ಬರುವ ದಾರಿಯೇ ಇಲ್ಲ, ಏಕೆಂದರೆ ಕಳೆಯಬೇಕಾದ ಐದು ಅಲ್ಲಿ ಬೇರೆಯಾಗಿ ಇರುವುದೇ ಇಲ್ಲ.

ಇಪ್ಪತ್ತೇಳನ್ನು 207 ಎಂದು ಬರೆಯುವ ಮಕ್ಕಳಿಗೂ ಮದ್ದಿದೆ. ಅವರು ಕೇಳಿದಂತೆ ಬರೆದಿದ್ದಾರೆ, ಇಪ್ಪತ್ತು ಮತ್ತು ಏಳು. ಅಗಲ ಕಾರ್ಡಿನಲ್ಲಿ 20, ಅದರ ಅರ್ಧ ಅಗಲದ ಕಾರ್ಡಿನಲ್ಲಿ 7 ಬರೆದು, ಸೊನ್ನೆಯ ಮೇಲೆ ಏಳನ್ನು ಇಡಿಸಿ. ಎತ್ತಿದರೆ ಸೊನ್ನೆ, ಮುಚ್ಚಿದರೆ 27.

ಎಣಿಸಲು ಬೀಜ ಕೊಡುವಾಗ ಎಚ್ಚರ ಬೇಕು. ಹುಣಸೆಬೀಜವನ್ನು ಮೂಗಿಗೋ ಕಿವಿಗೋ ತುರುಕಿಕೊಳ್ಳುವ ಮಕ್ಕಳಿದ್ದಾರೆ, ಹಾಗಾಗಿ ಹತ್ತಿರವೇ ಕುಳಿತಿರಿ. ಗುಲಗಂಜಿ, ಹರಳುಬೀಜ ಬೇಡವೇ ಬೇಡ, ಎರಡೂ ವಿಷ.

ಕಡ್ಡಿಯನ್ನು ಎಷ್ಟು ದಿನ ಕೊಡಬೇಕು ಎಂದು ಪೋಷಕರು ಕೇಳುತ್ತಾರೆ. ಮಗು ಮಾಡಿದ್ದನ್ನು ಬಾಯಲ್ಲಿ ಹೇಳಲಿ, ಆಮೇಲೆ ಕಟ್ಟಿಗೆ ಉದ್ದ ಗೆರೆ, ಬಿಡಿಗೆ ಚುಕ್ಕಿ ಎಂದು ಸ್ಲೇಟಿನಲ್ಲಿ ಚಿತ್ರ ಬರೆಯಲಿ, ಅದರ ಪಕ್ಕದಲ್ಲೇ ಅಂಕಿ ಬರೆಯಲಿ. ಈ ನಡುವಿನ ಚಿತ್ರದ ಹಂತವನ್ನು ಹಾರಿಸಿದ ತರಗತಿಗಳಲ್ಲಿ ಕಡ್ಡಿ ಬರೀ ಆಟವಾಗಿ, ಉತ್ತರ ಟೀಚರ್ ಬೋರ್ಡಿನಿಂದ ಬರುತ್ತದೆ. ಚಿತ್ರ ಸಲೀಸಾದ ಮೇಲೆ ಮಗು ತಾನಾಗಿಯೇ ಕಡ್ಡಿ ಮುಟ್ಟುವುದನ್ನು ಬಿಡುತ್ತದೆ. ಮೂರಂಕಿಯ ಲೆಕ್ಕ ಬಂದಾಗ ಮತ್ತೆ ಕೇಳಿದರೆ ಕೊಡಿ, ಹತ್ತು ಕಟ್ಟು ಸೇರಿಸಿ ನೂರರ ಹೊರೆ ಕಟ್ಟಲು ಬಿಡಿ.